ಮೂರು ಗಡಿಯಾರ, ಒಂದು ಅಂಚೆಚೀಲ

ಎಡಗೈಗೆ ಎರಡು, ಬಲಗೈಗೆ ಒಂದು ಕಟ್ಟಿಕೊಂಡು
ಎದುವಿಹಿಸ್ ನನ್ನ ಅಂಗಡಿಯ ಮೆಟ್ಟಿಲಿಳಿದಾಗ
ಬೀದಿನಾಯಿಯೂ ತಲೆಯೆತ್ತಿ ನೋಡಿತು.
"ಒಂದು ವಾರ," ಅಂದಳು. "ಆಮೇಲೆ ಒಂದನ್ನು ಕೊಳ್ಳುತ್ತೇನೆ.
ಗೀರು ಬಿದ್ದರೆ ನನ್ನ ಹಣೆಬರಹ."

ವಾಲ್ಪರೈಸೊದಲ್ಲಿ ಅಂಚೆ ಹಂಚುವುದೆಂದರೆ
ನಡೆಯುವುದಲ್ಲ, ಏರುವುದು.
ಬುಡದಲ್ಲಿ ಹಡಗು, ನೆತ್ತಿಯಲ್ಲಿ ಮನೆ,
ನಡುವೆ ಮೆಟ್ಟಿಲು, ಮೆಟ್ಟಿಲು, ಮತ್ತೆ ಮೆಟ್ಟಿಲು:
ಬಣ್ಣ ಬಳಿದವು, ಬಾಯಿಬಿಟ್ಟವು,
ಬೆಕ್ಕು ಮಲಗಿದ್ದರಿಂದ ದಾಟಬೇಕಾದವು.
ಅವಳಿಗೀಗ ಐವತ್ತೆಂಟು. ಆಸ್ಪತ್ರೆಯ ಡಾಕ್ಟರು
"ನಿಮ್ಮ ಎದೆಯ ಲೆಕ್ಕ ನೀವೇ ಇಡಬೇಕು" ಅಂದಿದ್ದರಂತೆ.

ನಾನು ವ್ಯಾಪಾರಿ. ಲೆಕ್ಕದ ಮಾತು ನನಗೆ ಬರುತ್ತದೆ.
ಕಪ್ಪು ಪಟ್ಟಿಯದು ಹದಿನೆಂಟು ಸಾವಿರ ಪೆಸೊ,
ಚಾರ್ಜು ಹತ್ತು ದಿನ, ಪರದೆ ಬಿಸಿಲಿಗೆ ಕುರುಡು.
ಹಸಿರಿನದು ಮೂವತ್ತೆರಡು; ಉಪಗ್ರಹದ ಜೊತೆ ಮಾತಾಡುತ್ತದೆ,
ಮೂರನೇ ದಿನಕ್ಕೆ ಹಸಿದು ಅಳುತ್ತದೆ.
ಕಿತ್ತಳೆಯದು ಬರೀ ಹನ್ನೆರಡು. ಅದರ ಕಂಪನಿ ಯಾವುದೋ,
ಡಬ್ಬಿಯ ಮೇಲೆ ಬರೆದಿದ್ದಾರೆ:
"ನಿಮ್ಮ ಹೃದಯವನ್ನು ಸಂತೋಷದಿಂದ ಅಳೆಯಿರಿ."
ಹಸಿರಿನದೇ ತಗೋ ಅಂದಿದ್ದೆ.
ಲಾಭವೂ ಅದರಲ್ಲೇ ಇತ್ತು, ಸುಳ್ಳೇಕೆ.

ಎಂಟನೇ ದಿನ ಬಂದು ಚೀಟಿ ಬಿಚ್ಚಿದಳು.
ಕರೆಂಟು ಬಿಲ್ಲಿನ ಬೆನ್ನಿಗೆ ಪೆನ್ಸಿಲ್ಲಿನ ಸಾಲು.

ಬೇಕರಿ ಪಕ್ಕದ ಮೆಟ್ಟಿಲು ನೂರ ಅರವತ್ತೊಂದು,
ಮೂವತ್ತು ವರ್ಷದಿಂದ ಮೊಣಕಾಲಿಗೆ ಬಾಯಿಪಾಠ.
ಕಪ್ಪು: ನೂರ ನಲವತ್ತೊಂಬತ್ತು. ಜಿಪುಣ.
ಹಸಿರು: ನೂರ ಅರವತ್ತು. ಒಂದು ನುಂಗಿದೆ, ಕ್ಷಮಿಸೋಣ.
ಕಿತ್ತಳೆ: ಇನ್ನೂರ ಹನ್ನೆರಡು. "ಇದು ಯಾರ ಜೊತೆ ಹತ್ತಿತೋ!"

ಸಹಿಗಾಗಿ ಗೇಟಿನ ಮುಂದೆ ಕಾದು ನಿಂತಾಗ
ಅವಳು ಮಲಗಿದ್ದಾಳೆ ಅಂತ ಬರೆದುಕೊಂಡಿತು ಕಪ್ಪು.
ನಾಯಿ ಅಟ್ಟಿಸಿಕೊಂಡು ಬಂದಾಗ ಹಸಿರು ಗುಂಯ್ ಎಂದು ನಡುಗಿ
"ಭಲೆ, ಓಟ ಶುರುವಾಯಿತು" ಅಂದಿತು.
ಹಳಿಯ ಮೇಲೆ ಗುಡ್ಡ ಏರುವ ಹಳೇ ಪೆಟ್ಟಿಗೆಗಾಡಿಯಲ್ಲಿ
ಸುಮ್ಮನೆ ಕೂತು ಮೇಲೆ ಹೋದದ್ದಕ್ಕೆ
ಎಂಟು ಮಹಡಿ ಹತ್ತಿದಿರಿ ಅಂತ ಪರದೆ ತುಂಬ ಪಟಾಕಿ.
"ಪಕ್ಕದವರು ನೋಡಿಬಿಟ್ಟರು," ಅಂದಳು, "ನಾಚಿಕೆಯಾಯಿತು."

ನಾಡಿ? ಕೇಳಿದೆ.
ಒಂದೇ ಎದೆ, ಒಂದೇ ಏರು:
ತೊಂಬತ್ತು, ನೂರ ಹದಿನಾರು, ನೂರ ಐವತ್ತು;
ಮೂವರು ವೈದ್ಯರು ಹಾಸಿಗೆಯ ಪಕ್ಕ ಜಗಳಕ್ಕೆ ಬಿದ್ದ ಹಾಗೆ.
ಕೊನೆಗೆ ಚೀಲ ಇಳಿಸಿ, ಕತ್ತಿಗೆ ಎರಡು ಬೆರಳೊತ್ತಿ,
ಇಗರ್ಜಿಯ ಗಡಿಯಾರದ ಮುಳ್ಳು ನೋಡುತ್ತ ತಾನೇ ಎಣಿಸಿದಳು.
ಹಸಿರಿಗಿಂತ ಎರಡೇ ಹೆಚ್ಚು.

"ಹಾಗಾದರೆ ಹಸಿರು," ಅಂತ ಬಿಲ್ಲಿನ ಪುಸ್ತಕ ತೆರೆದೆ.

"ತಾಳು." ಚೀಟಿ ಮಗುಚಿದಳು.
ಭಾನುವಾರ. ರಜೆ. ಹೊಸ್ತಿಲು ದಾಟಿಲ್ಲ.
ವಾರದ ಬ್ರೆಡ್ಡಿಗೆ ಹಿಟ್ಟು ನಾದಿದ್ದು,
ಮೊಮ್ಮಗನನ್ನು ಹಿಡಿದು ಮೀಯಿಸಿದ್ದು,
ಉಣ್ಣೆಯ ಹೊದಿಕೆ ನಾಲ್ಕು ಒಗೆದು ಹಿಂಡಿದ್ದು,
ತಳ ಹಿಡಿದ ಪಾತ್ರೆ ತಿಕ್ಕಿದ್ದು, ತಿಕ್ಕಿದ್ದು.
ಕಪ್ಪು: ನಾನೂರು ಹೆಜ್ಜೆ. "ಬಹಳ ಹೊತ್ತು ಕೂತಿದ್ದೀರಿ, ಏಳಿ."
ಹಸಿರು: ಆರುನೂರ ಹತ್ತು. "ಒಳ್ಳೆಯ ವಿಶ್ರಾಂತಿ."
ಕಿತ್ತಳೆ: ಒಂಬತ್ತು ಸಾವಿರದ ನಲವತ್ತು.

"ಅದು ತಪ್ಪು," ಅಂದೆ. "ಅಗ್ಗದ ಸೆನ್ಸರು.
ಕೈ ಅಲುಗಿದ್ದನ್ನೆಲ್ಲ ನಡಿಗೆ ಅಂದುಕೊಳ್ಳುತ್ತದೆ,
ಕೈಗೂ ಕಾಲಿಗೂ ವ್ಯತ್ಯಾಸ ತಿಳಿಯುವುದಿಲ್ಲ."

"ಭಾನುವಾರ ನನಗೂ ತಿಳಿಯುವುದಿಲ್ಲ," ಅಂದಳು.

ಹಸಿರನ್ನು ಡಾಕ್ಟರಿಗಾಗಿ ಮೂರು ಕಂತಿನಲ್ಲಿ,
ಕಿತ್ತಳೆಯನ್ನು ತನಗಾಗಿ, ಹನ್ನೆರಡರದ್ದನ್ನು ಎಂಟಕ್ಕೆ ಇಳಿಸಿ,
ಎರಡನ್ನೂ ಕಟ್ಟಿಕೊಂಡು ಹೊರಟಳು.
ಅವಳ ಬೂಟಿನ ಸದ್ದು ಮೇಲುಗಡೆ ಬಹಳ ಹೊತ್ತು ಕೇಳುತ್ತಿತ್ತು.

ವಾಪಸು ಬಂದ ಕಪ್ಪಿನ ಪಟ್ಟಿಯ ತೂತುಗಳಲ್ಲಿ
ಒಣಗಿದ ಹಿಟ್ಟು.
ಕೂತು ಗುಂಡುಸೂಜಿಯಿಂದ ಒಂದೊಂದೇ ಕೆರೆದು ತೆಗೆದೆ,
ಮಧ್ಯಾಹ್ನವೆಲ್ಲ.
ಅದು ಒಂದನ್ನೂ ಎಣಿಸಲಿಲ್ಲ.